ಹಳೆಯ ಟೂ ಸ್ಟ್ರೋಕ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಗಾಳಿ ಸೋರುವ ಜಾಗ

ಪ್ರಶ್ನೆ: ನಮ್ಮ ಮನೆ ಶಿರಸಿಯಿಂದ ಒಳಗೆ, ಡಾಂಬರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್ ಮಣ್ಣುದಾರಿಯಲ್ಲಿದೆ. ತೋಟ, ಬೇಣಗಳಿಗೆ (ಹುಲ್ಲುಗಾವಲಿಗೆ) ಓಡಾಡಲು ಮತ್ತು ವರ್ಷಕ್ಕೊಂದೆರಡು ಡರ್ಟ್ ರೇಸಿನಲ್ಲಿ ಭಾಗವಹಿಸಲು ಹಳೆಯ ಟೂ ಸ್ಟ್ರೋಕ್ ಬೈಕ್ ಕೊಳ್ಳಬೇಕೆಂದಿದ್ದೇನೆ. ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು ಹೊನ್ನಾವರದಲ್ಲಿರುವ ಯಮಹಾ ಆರ್‌ಎಕ್ಸ್ 100. ಡರ್ಟ್ ಟೈರ್ ಹಾಕಿ, ಸೈಲೆನ್ಸರ್ ಬದಲಿಸಿ, ಆಯಿಲ್ ಪಂಪ್ ತೆಗೆದು ಆಫ್‌ರೋಡ್‌ಗೆ ಒಗ್ಗಿಸಿದ್ದಾರೆ. ಇನ್ನೊಂದು ಕಾರವಾರದ ಸಮುದ್ರದ ಹತ್ತಿರದ ಮನೆಯಲ್ಲಿರುವ, ವಿದೇಶದಿಂದ ಬಂದ 125 ಸಿಸಿ ಮೋಟೋಕ್ರಾಸ್. ನಲವತ್ತೇ ಗಂಟೆ ಓಡಿದೆ ಎನ್ನುತ್ತಾರೆ. ಎರಡರ ದರವೂ ಹೆಚ್ಚುಕಡಿಮೆ ಒಂದೇ. ಯಾವುದನ್ನು ಕೊಳ್ಳಲಿ, ಏನೇನು ನೋಡಲಿ, ಮಳೆಗಾಲದಲ್ಲಿ ಹೇಗೆ ಕಾಪಾಡಲಿ? ಗಾಡಿಯನ್ನು ಓಡಿಸಿಕೊಂಡೇ ಮನೆಗೆ ತರಬಹುದೇ?

ಉತ್ತರ: ನೀವು ಬರೆದಿರುವ ಉಪಯೋಗಕ್ಕೆ ಆರ್‌ಎಕ್ಸ್ ಸರಿ, ಮೋಟೋಕ್ರಾಸ್ ಅಲ್ಲ. ಆದರೆ ಹೊನ್ನಾವರದಲ್ಲಿರುವ ಆ ಆರ್‌ಎಕ್ಸನ್ನೇ ಕೊಳ್ಳಬೇಕೋ ಬೇಡವೋ ಎಂಬುದನ್ನು ಕೆಳಗೆ ಹೇಳುವ ಪರೀಕ್ಷೆ ಮಾಡಿದ ಮೇಲೆಯೇ ತೀರ್ಮಾನಿಸಬೇಕು. ಕುಮಟಾದಲ್ಲಿ ಗ್ಯಾರೇಜು ಇಟ್ಟುಕೊಂಡು ಇಪ್ಪತ್ತೆರಡು ವರ್ಷಗಳಿಂದ ಇಂಥ ಗಾಡಿಗಳನ್ನು ಬಿಚ್ಚಿ ಕೂಡಿಸುತ್ತಿರುವ ನನಗೆ ತಿಳಿದುಬಂದದ್ದೇನೆಂದರೆ, ಟೂ ಸ್ಟ್ರೋಕ್ ಎಂಜಿನ್ನು ಹಾಳಾಗುವುದು ಬಹುಪಾಲು ಎರಡೇ ಕಾರಣಕ್ಕೆ: ಬರಬಾರದ ದಾರಿಯಿಂದ ಒಳಗೆ ಬಂದ ಗಾಳಿಗೆ, ಇಲ್ಲವೇ ಬರಬೇಕಾದ ದಾರಿಯಿಂದಲೇ ಬಂದರೂ ದೂಳು ಹೊತ್ತು ಬಂದ ಗಾಳಿಗೆ. ಕೊಳ್ಳುವಾಗಿನ ಪರೀಕ್ಷೆಯೂ ಆಮೇಲಿನ ಆರೈಕೆಯೂ ಈ ಒಂದು ವಿಷಯದ ಸುತ್ತಲೇ ಇವೆ.

ಕಾರಣ ಎಂಜಿನ್ನಿನ ರಚನೆಯಲ್ಲಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕು, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ, ಆಯಿಲಿನ ನಡುವೆ ತಿರುಗುತ್ತದೆ, ಪೆಟ್ರೋಲ್ ಮತ್ತು ಗಾಳಿ ಬೇರೆ ದಾರಿಯಲ್ಲಿ ನೇರವಾಗಿ ಎಂಜಿನ್ನಿನ ನೆತ್ತಿಯಾದ ಹೆಡ್ಡಿಗೆ ಹೋಗುತ್ತವೆ. ಟೂ ಸ್ಟ್ರೋಕಿನಲ್ಲಿ ಹಾಗಲ್ಲ. ಪಿಸ್ಟನ್ ಮೇಲಕ್ಕೆ ಹೋಗುವಾಗ ಕಾರ್ಬೊರೇಟರಿನಿಂದ ಪೆಟ್ರೋಲ್ ಬೆರೆತ ಗಾಳಿ ಒಳಮುಖವಾಗಿ ಮಾತ್ರ ತೆರೆಯುವ ರೀಡ್ ವಾಲ್ವ್ ದಾಟಿ ಮೊದಲು ಕ್ರ್ಯಾಂಕ್ ಕೋಣೆಯನ್ನು ತುಂಬುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಆ ಕೋಣೆಯಲ್ಲೇ ಒತ್ತಡಕ್ಕೆ ಸಿಕ್ಕಿ ಪಕ್ಕದ ಪೋರ್ಟುಗಳ (ಕಿಂಡಿಗಳ) ಮೂಲಕ ಪಿಸ್ಟನ್ನಿನ ಮೇಲಕ್ಕೆ ನುಗ್ಗುತ್ತದೆ. ಕ್ರ್ಯಾಂಕ್ ಬೇರಿಂಗಿಗೂ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಎರಡೂ ತುದಿಗೂ ಸಿಗುವ ಜಿಡ್ಡೆಂದರೆ ಆ ಮಂಜಿನಲ್ಲಿ ಬೆರೆತು ಬರುವ ಆಯಿಲ್ ಮಾತ್ರ. ಆದ್ದರಿಂದ ಕ್ರ್ಯಾಂಕ್ ಕೋಣೆ ಎಂಬುದು ಒಂದು ಪಂಪು. ಅದರ ಎರಡು ಪಕ್ಕದ ಆಯಿಲ್ ಸೀಲುಗಳಲ್ಲಿ, ಕಾರ್ಬೊರೇಟರಿನ ರಬ್ಬರಿನಲ್ಲಿ ಅಥವಾ ಪಿಸ್ಟನ್ ಓಡಾಡುವ ಬ್ಲಾಕಿನ ಕೆಳಗಿನ ಗ್ಯಾಸ್ಕೆಟ್ಟಿನಲ್ಲಿ ಕೂದಲಿನಷ್ಟು ಸಂದು ಬಿದ್ದರೂ ಅಲ್ಲಿಂದ ಬರಿಯ ಗಾಳಿ ಸೇರಿಕೊಳ್ಳುತ್ತದೆ, ಮಿಶ್ರಣದಲ್ಲಿ ಪೆಟ್ರೋಲೂ ಆಯಿಲೂ ಎರಡೂ ಕಡಿಮೆಯಾಗುತ್ತವೆ, ಪಿಸ್ಟನ್ ಕಾದು ಹಿಗ್ಗಿ ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ನಾವು ‘ಸೀಜ್ ಆಯಿತು’ ಎನ್ನುವುದು ಇದನ್ನೇ.

ಮೋಟೋಕ್ರಾಸ್ ಏಕೆ ಬೇಡ ಎಂಬುದನ್ನು ಮೊದಲು ಮುಗಿಸಿಬಿಡುತ್ತೇನೆ. ಸ್ಪರ್ಧೆಗೆಂದೇ ತಯಾರಾದ ಆ ಗಾಡಿಗೆ ನಮ್ಮಲ್ಲಿ ನೋಂದಣಿ ಸಿಗುವುದಿಲ್ಲ; ನಿಮ್ಮ ಮನೆಯ ಮಣ್ಣುದಾರಿ ಸಾರ್ವಜನಿಕ ರಸ್ತೆಯಾಗಿದ್ದರೆ ಅದರ ಮೇಲೂ ಓಡಿಸುವಂತಿಲ್ಲ. ಸ್ವಂತ ಜಮೀನು, ಅನುಮತಿ ಪಡೆದ ಟ್ರ್ಯಾಕು, ರೇಸಿಗೆ ಹೋಗುವಾಗ ಪಿಕಪ್ ವಾಹನ, ಇಷ್ಟೇ ಅದರ ಲೋಕ. ಇನ್ನು ‘ನಲವತ್ತೇ ಗಂಟೆ’ ಎಂಬ ಮಾತು. 125 ಸಿಸಿ ರೇಸ್ ಎಂಜಿನ್ನಿಗೆ ನಲವತ್ತು ಗಂಟೆ ಎಂದರೆ ಹೊಸದು ಎಂದರ್ಥವಲ್ಲ. ಪಿಸ್ಟನ್ ಈಗಾಗಲೇ ಒಮ್ಮೆ ಬದಲಾಗಿರಬೇಕು, ಆಗಿಲ್ಲದಿದ್ದರೆ ನೀವು ಕೊಂಡ ದಿನವೇ ಬದಲಿಸಬೇಕು. ಗಂಟೆ ತೋರಿಸುವ ಮೀಟರನ್ನು ಹೊಸದಾಗಿ ಅಂಟಿಸುವುದಕ್ಕೆ ಐದು ನಿಮಿಷ ಸಾಕು. ಬೂಟು ಉಜ್ಜಿ ಫ್ರೇಮಿನ ಬಣ್ಣ ಎಷ್ಟು ಹೋಗಿದೆ, ಫುಟ್‌ರೆಸ್ಟಿನ ಹಲ್ಲುಗಳು ಎಷ್ಟು ಮೊಂಡಾಗಿವೆ ಎಂಬುದು ಮೀಟರಿಗಿಂತ ಸತ್ಯ ಹೇಳುತ್ತದೆ. ಅದರ ಬ್ಲಾಕಿನ ಒಳಗೋಡೆಗೆ ನಿಕ್ಕೆಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪವಿರುತ್ತದೆ. ಆ ಲೇಪ ಕಿತ್ತರೆ ಶಿರಸಿಯಲ್ಲಿ ಬೋರ್ ಮಾಡಿಸಿ, ಅಂದರೆ ಒಳಗೋಡೆ ಕೊರೆಸಿ ಹಿರಿದು ಮಾಡಿಸಿ, ದೊಡ್ಡ ಪಿಸ್ಟನ್ ಹಾಕುವ ದಾರಿಯಿಲ್ಲ, ಲೇಪವನ್ನೇ ಮತ್ತೆ ಹಾಕಿಸಬೇಕು. ಸಮುದ್ರದ ಪಕ್ಕದಲ್ಲಿ ನಿಂತ ಗಾಡಿ ಎಂದಿದ್ದೀರಿ. ಇಂಥ ಕೆಲವು ಗಾಡಿಗಳ ಪಕ್ಕದ ಕವರುಗಳು ಮೆಗ್ನೀಸಿಯಂ ಲೋಹದವು. ಉಪ್ಪುಗಾಳಿಗೆ ಅವು ಬಣ್ಣದ ಕೆಳಗೇ ಬಿಳಿಯ ಹಿಟ್ಟಾಗಿ ಉದುರುತ್ತವೆ. ಮುಂದೊಂದು ದಿನ ರೇಸನ್ನೇ ಗಂಭೀರವಾಗಿ ತೆಗೆದುಕೊಂಡರೆ ಇಂಥ ಗಾಡಿ ಕೊಳ್ಳಿರಿ. ಆಗ ವಿದೇಶದಿಂದ ತಂದುದರ ಕಸ್ಟಮ್ಸ್ ಕಾಗದ, ಅಂದರೆ ಬಿಲ್ ಆಫ್ ಎಂಟ್ರಿ, ಇಲ್ಲದ ಗಾಡಿಯನ್ನು ಮುಟ್ಟಬೇಡಿ.

ಈಗ ಆರ್‌ಎಕ್ಸ್. ಈ ಗಾಡಿ ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಬೋರು (ಬ್ಲಾಕಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಏರಿಳಿಯುವ ದೂರ) 50 ಮಿ.ಮೀ., ಒಟ್ಟು 98 ಸಿಸಿ, ಸುಮಾರು 11 ಅಶ್ವಶಕ್ತಿ, ತೂಕ ನೂರು ಕೆ.ಜಿ.ಯ ಆಸುಪಾಸು. ಒಬ್ಬನೇ ಎತ್ತಿ ಸಂಕ (ಕಾಲುಸೇತುವೆ) ದಾಟಿಸಬಹುದಾದ ಗಾಡಿ ಎಂಬುದು ನಮ್ಮ ಕಡೆ ಅದರ ದೊಡ್ಡ ಗುಣ. ಎಷ್ಟೇ ಹೊಸದೆಂದರೂ ಅದಕ್ಕೆ ಮೂವತ್ತು ವರ್ಷ ತುಂಬುತ್ತಿದೆ ಅಥವಾ ತುಂಬಿದೆ. ಆದ್ದರಿಂದ ಎಂಜಿನ್ನಿಗೆ ಕೈ ಹಾಕುವ ಮೊದಲು ಕಾಗದ ನೋಡಿ. ನೋಂದಣಿ ಮೊದಲ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಈಗಿನ ಅವಧಿ ಎಲ್ಲಿಯವರೆಗಿದೆ ಎಂಬುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲೇ ನೋಡಬಹುದು. ಚಾಸಿ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಹೋಲಿಸಿ. ಎಂಜಿನ್ ನಂಬರನ್ನೂ ಹಾಗೆಯೇ. 100 ಎಂದು ಮಾರುವ ಗಾಡಿಯಲ್ಲಿ ಆರ್‌ಎಕ್ಸ್ 135ರ ಎಂಜಿನ್ ಕೂತಿರುವುದು ಅಪರೂಪವಲ್ಲ. ಅದರ ಬೋರು 58 ಮಿ.ಮೀ.; ಓಡಿಸಲು ಚೆನ್ನಾಗಿಯೇ ಇರುತ್ತದೆ, ಆದರೆ ಹೆಸರು ಬದಲಿಸಲು ಹೋದ ದಿನ ನಿಮ್ಮ ಮುಖ ಚೆನ್ನಾಗಿರುವುದಿಲ್ಲ.

ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಅಂದೇ ಆಗಲಿ. ಹೊನ್ನಾವರದ ಗಾಡಿ ಕೆಎ 47, ನಿಮ್ಮದು ಶಿರಸಿಯ ಕೆಎ 31. ಒಂದು ಆರ್‌ಟಿಒ ಕಚೇರಿಯಿಂದ ಇನ್ನೊಂದಕ್ಕೆ ಹೋಗುವುದರಿಂದ ಇನ್ನಾವ ಕಾಗದ ಬೇಕೆಂಬುದನ್ನು ಹಣ ಕೊಡುವ ಮೊದಲೇ ಶಿರಸಿಯ ಕಚೇರಿಯಲ್ಲಿ ಕೇಳಿಕೊಳ್ಳಿ. ಆರ್‌ಸಿಯಲ್ಲಿರುವ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ತಡೆಯಿದೆ. ಆದ್ದರಿಂದ ಕಿತ್ತ ಮಡ್‌ಗಾರ್ಡು, ಇಂಡಿಕೇಟರು, ಮೂಲ ಸೈಲೆನ್ಸರು ಇವೆಲ್ಲ ಅವರ ಅಟ್ಟದ ಮೇಲೆ ಇದ್ದರೆ ಕೇಳಿ ತನ್ನಿ. ನವೀಕರಣದ ದಿನಕ್ಕೆ ಅವು ಬೇಕು.

ಎಂಜಿನ್ನಿನ ಪರೀಕ್ಷೆಗೆ ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ, ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ. ಹೋದ ಕೂಡಲೇ ಬ್ಲಾಕಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದು ತಿಳಿಯಿರಿ. ತಣ್ಣಗಿನ ಎಂಜಿನ್ ಎಷ್ಟು ಕಿಕ್ಕಿಗೆ ಏಳುತ್ತದೆ ಎಂಬುದೇ ಮೊದಲ ಸಾಕ್ಷಿ. ಸ್ಟಾರ್ಟ್ ಆದ ಮೇಲೆ ಮೊದಲ ಒಂದೆರಡು ನಿಮಿಷದ ಹೊಗೆಗೆ ಬೆಲೆ ಕೊಡಬೇಡಿ. ಚೆನ್ನಾಗಿ ಬಿಸಿಯಾದ ಮೇಲೂ ಬಿಳಿಯ ದಟ್ಟ ಹೊಗೆ ನಿಲ್ಲದಿದ್ದರೆ, ಗೇರ್ ಆಯಿಲಿನ ಮಟ್ಟವೂ ತಗ್ಗಿದ್ದರೆ, ಬಲಬದಿಯ, ಅಂದರೆ ಕ್ಲಚ್ ಪಕ್ಕದ ಸೀಲು ಹೋಗಿದೆ. ಎಂಜಿನ್ನು ಗೇರ್ ಆಯಿಲನ್ನು ಹೀರಿ ಸುಡುತ್ತಿದೆ. ಎಡಬದಿಯ, ಅಂದರೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಪಕ್ಕದ ಸೀಲು ಹೋದರೆ ಹೊಗೆಯೇ ಬರುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯದ್ದು. ಅದರ ಗುರುತೆಂದರೆ, ಎಕ್ಸಿಲರೇಟರ್ ಏರಿಸಿ ಬಿಟ್ಟಾಗ ಎಂಜಿನ್ನಿನ ಸದ್ದು ತಟ್ಟನೆ ಇಳಿಯದೆ, ಯಾರೋ ಹಿಡಿದುಕೊಂಡ ಹಾಗೆ ಮೇಲೆಯೇ ತೂಗಾಡಿ ನಿಧಾನವಾಗಿ ಇಳಿಯುತ್ತದೆ. ‘ಸ್ವಲ್ಪ ರೇಸಿಂಗ್ ಇದೆ, ಕಾರ್ಬೊರೇಟರ್ ಟ್ಯೂನ್ ಮಾಡಿದರೆ ಹೋಗ್ತದೆ’ ಎಂದು ಯಾರಾದರೂ ಹೇಳಿದರೆ, ಆ ಮಾತಿನ ಬೆಲೆಯನ್ನು ಗಾಡಿಯ ದರದಿಂದ ಕಳೆಯಿರಿ.

ಅಲ್ಲಿಂದ ಮುಂದೆ ಸ್ಪ್ಯಾನರ್ ಬೇಕು. ಒಪ್ಪದ ಮಾಲೀಕರಿಂದ ಕೊಳ್ಳಬೇಡಿ. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರಿನ ಮುಂದಿನ ಎರಡು ನಟ್ಟು ಬಿಚ್ಚಿ ಪಕ್ಕಕ್ಕೆ ಸರಿಸಿ, ಬ್ಲಾಕಿನ ಆ ಕಿಂಡಿಯೊಳಗೆ ಟಾರ್ಚ್ ಬಿಟ್ಟು, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಪಿಸ್ಟನ್ನಿನ ಸುತ್ತ ಕೂತ ರಿಂಗಿನ ಕೆಳಗಿನ ಭಾಗ ತಿಳಿಬೂದಿಯಾಗಿ, ನಯವಾಗಿ ಕಂಡರೆ ಒಳ್ಳೆಯದು. ರಿಂಗಿನ ಕೆಳಗೆ ಕಾಫಿಯ ಕರೆಯಂತೆ ಕಂದು ಇಳಿದಿದ್ದರೆ ಬೆಂಕಿ ರಿಂಗು ದಾಟಿ ಬರುತ್ತಿದೆ, ರಿಂಗು ಅಥವಾ ಬೋರು ಸವೆದಿದೆ. ಮೇಲಿಂದ ಕೆಳಕ್ಕೆ ಗೀರು ಗೀರಾಗಿ, ಅಲ್ಯುಮಿನಿಯಂ ಒರಸಿದಂತೆ ಕಂಡರೆ ಒಮ್ಮೆ ಸೀಜ್ ಆಗಿ ಬಿಡಿಸಿಕೊಂಡ ಎಂಜಿನ್ನು. ಹಿಂದಿನ ಪಕ್ಕ, ಅಂದರೆ ಕಾರ್ಬೊರೇಟರಿನ ಕಡೆಯ ಗೀರುಗಳು ಇಲ್ಲಿಂದ ಕಾಣುವುದಿಲ್ಲ. ಅವನ್ನು ನೋಡಲು ಕಾರ್ಬೊರೇಟರ್ ಮತ್ತು ರೀಡ್ ವಾಲ್ವ್ ತೆಗೆಯಬೇಕು. ಮುಂದಿನ ಗೀರು ಕಾವಿನ ಕಥೆ ಹೇಳಿದರೆ ಹಿಂದಿನ ಗೀರು ದೂಳಿನ ಕಥೆ ಹೇಳುತ್ತದೆ.

ಹೆಡ್ಡಿನ ನಾಲ್ಕು ನಟ್ಟುಗಳನ್ನೂ ಬಿಚ್ಚಲು ಬಿಟ್ಟರೆ ಇನ್ನೂ ಒಳ್ಳೆಯದು. ಪಿಸ್ಟನ್ನಿನ ನೆತ್ತಿಯ ಮೇಲಿನ ಮಸಿ ಒರಸಿದರೆ 0.25, 0.50 ಎಂಬ ಅಂಕಿ ಕಾಣುತ್ತದೆ. ಅದು ಬೋರನ್ನು ಎಷ್ಟು ಬಾರಿ ಹಿರಿದು ಮಾಡಿಸಿದ್ದಾರೆಂಬ ದಾಖಲೆ. ಆರ್‌ಎಕ್ಸಿನ ಬ್ಲಾಕಿನೊಳಗಿರುವುದು ಎರಕದ ಕಬ್ಬಿಣವಾದ್ದರಿಂದ ಕಾಲು ಮಿ.ಮೀ.ನಂತೆ 1.00ರವರೆಗೆ ಬೋರ್ ಮಾಡಿಸಬಹುದು, 1.00 ಎಂದಿದ್ದರೆ ಅದು ಕೊನೆಯ ಬಾರಿ, ಮುಂದೆ ಹೊಸ ಲೈನರ್, ಅಂದರೆ ಒಳಗಿನ ಆ ಕಬ್ಬಿಣದ ಕೊಳವೆಯೇ ಹೊಸದು. ಅಂಕಿಯೇ ಇಲ್ಲದಿದ್ದರೆ ಮೂಲ ಬೋರು, ಹಬ್ಬ ಮಾಡಿ. ಪೋರ್ಟುಗಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದ್ದಾರೆಯೇ ಎಂಬುದನ್ನೂ ಆಗಲೇ ಬೆರಳಾಡಿಸಿ ನೋಡಿ. ಅಂಚು ಚೂಪಾಗಿದ್ದರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಅಂಥ ‘ಪೋರ್ಟಿಂಗ್ ಮಾಡಿಸಿದ’ ಎಂಜಿನ್ನು ಮೇಲಿನ ವೇಗದಲ್ಲಿ ಹಾರುತ್ತದೆ ಹೊರತು, ನಿಮ್ಮ ತೋಟದ ಏರಿನಲ್ಲಿ ಎರಡನೇ ಗೇರಿಗೆ ಎಳೆಯುವ ಬಲವನ್ನು ಕಳೆದುಕೊಂಡಿರುತ್ತದೆ. ನನ್ನನ್ನು ಕೇಳಿದರೆ ಪೋರ್ಟಿಂಗ್ ಆದ ಗಾಡಿಗೆ ದರ ಹೆಚ್ಚಲ್ಲ, ಕಡಿಮೆ.

ಕ್ರ್ಯಾಂಕಿನ ಪರೀಕ್ಷೆಗೆ ಎಡಬದಿಯ ಕವರ್ ತೆಗೆದು ಮ್ಯಾಗ್ನೆಟ್ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಕೈಗೆ ತಿಳಿಯುವಷ್ಟು ಅಲ್ಲಾಡಿದರೆ ಬೇರಿಂಗು ಹೋಗಿದೆ, ಬೇರಿಂಗು ಹೋದಲ್ಲಿ ಸೀಲೂ ಉಳಿಯುವುದಿಲ್ಲ. ಪಿಸ್ಟನ್ನನ್ನು ತುತ್ತತುದಿಗೆ ತಂದು ಗಾಲಿಯನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿದಾಗ ಟಕ್ ಎಂಬ ಗಡುಸು ಸದ್ದು ಬೆರಳಿಗೆ ತಾಗಿದರೆ ಕನೆಕ್ಟಿಂಗ್ ರಾಡಿನ ತುದಿ ಸವೆದಿದೆ. ಬೋರ್ ಮಾಡಿಸುವುದು ಸಣ್ಣ ಖರ್ಚು. ಕ್ರ್ಯಾಂಕು ಬಿಚ್ಚಿ, ಹೊಸ ರಾಡು ಪ್ರೆಸ್ ಮಾಡಿಸಿ, ಮತ್ತೆ ಅದನ್ನು ಸೆಂಟರಿಗೆ ತರುವುದು ದೊಡ್ಡ ಖರ್ಚು, ಅದಕ್ಕಿಂತ ಹೆಚ್ಚಾಗಿ ಆ ಕೆಲಸವನ್ನು ನೆಟ್ಟಗೆ ಮಾಡುವ ಕೈಗಳು ಈಗ ಕಡಿಮೆ.

ಇದೆಲ್ಲಕ್ಕಿಂತ ನಾನು ನಂಬುವ ಪರೀಕ್ಷೆ ಇನ್ನೊಂದಿದೆ. ಅದಕ್ಕೆ ಬೇಕಾದದ್ದು ಬಿಪಿ ನೋಡುವ ಹಳೆಯ ಉಪಕರಣ, ಪಂಪಿನ ಬುಡ್ಡೆ ಮತ್ತು ಮುಳ್ಳಿನ ಡಯಲ್ ಇರುವಂಥದ್ದು. ಅದರ ಡಯಲ್ 300ರವರೆಗೆ ಇರುತ್ತದೆ, 300 ಮಿ.ಮೀ. ಪಾದರಸವೆಂದರೆ ಸುಮಾರು 5.8 ಪಿಎಸ್‌ಐ, ಟೂ ಸ್ಟ್ರೋಕ್ ಎಂಜಿನ್ನಿನ ಸೋರಿಕೆ ನೋಡಲು ಬೇಕಾದ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಸೈಲೆನ್ಸರ್ ಕಿಂಡಿಗೆ ಲಾರಿ ಟ್ಯೂಬಿನ ತುಂಡು ಇಟ್ಟು ಅದರ ಮೇಲೊಂದು ದಪ್ಪ ತಗಡು ಕೂರಿಸಿ ಅವೇ ನಟ್ಟುಗಳಿಂದ ಬಿಗಿಯಿರಿ. ಕಾರ್ಬೊರೇಟರ್ ತೆಗೆದು ಅದರ ರಬ್ಬರಿನ ಬಾಯಿಗೆ ತೂತು ಕೊರೆದ ರಬ್ಬರ್ ಬಿರಡೆ ತುರುಕಿ ಕ್ಲಿಪ್ ಬಿಗಿದು, ಆ ತೂತಿಗೆ ಬಿಪಿ ಉಪಕರಣದ ನಳಿಗೆ ಸೇರಿಸಿ. ಪಿಸ್ಟನ್ ಕೆಳಗಿರಲಿ. ಬುಡ್ಡೆ ಒತ್ತಿ ಮುಳ್ಳನ್ನು 280ರ ಹತ್ತಿರ ತಂದು ಕೈಗಡಿಯಾರ ನೋಡುತ್ತಾ ಕುಳಿತುಕೊಳ್ಳಿ. ಗಟ್ಟಿ ಎಂಜಿನ್ನಿನಲ್ಲಿ ಆರು ನಿಮಿಷವಾದರೂ ಮುಳ್ಳು ಅಲ್ಲಲ್ಲೇ ನಿಂತಿರುತ್ತದೆ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಆ ಎಂಜಿನ್ನನ್ನು ಓಡಿಸಬಾರದು. ಇಳಿದರೆ ಸೋಪಿನ ನೀರನ್ನು ಮ್ಯಾಗ್ನೆಟ್ ಸೀಲು, ಬ್ಲಾಕಿನ ಬುಡ, ರಬ್ಬರಿನ ಸುತ್ತ ಸುರಿಯಿರಿ. ಗುಳ್ಳೆ ಏಳುವಲ್ಲಿ ರೋಗವಿದೆ. ಎಲ್ಲೂ ಗುಳ್ಳೆ ಇಲ್ಲದೆ ಮುಳ್ಳು ಇಳಿದರೆ ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಹಚ್ಚಿ. ಅದು ಉಬ್ಬಿದರೆ ಕ್ಲಚ್ ಪಕ್ಕದ ಸೀಲು. ಇದನ್ನು ಮಾರುವವರ ಅಂಗಳದಲ್ಲೇ ಮಾಡಬಹುದು, ಒಂದು ತಾಸಿನ ಕೆಲಸ.

ನಿಮ್ಮ ಪತ್ರದಲ್ಲಿ ಆಯಿಲ್ ಪಂಪ್ ತೆಗೆದಿದ್ದಾರೆಂದು ಬರೆದಿದ್ದೀರಿ. ಅದನ್ನು ಓದಿದಾಗಲೇ ಈ ಪರೀಕ್ಷೆಯನ್ನು ಇಷ್ಟು ವಿವರವಾಗಿ ಹೇಳಬೇಕೆನಿಸಿತು. ಆರ್‌ಎಕ್ಸಿನಲ್ಲಿ ಆಯಿಲ್ ಬೇರೆ ಡಬ್ಬಿಯಿಂದ ಪಂಪಿನ ಮೂಲಕ ಸಣ್ಣ ನಳಿಗೆಯಲ್ಲಿ ಒಳಗೆ ಹೋಗುತ್ತದೆ. ಪಂಪು ಕಿತ್ತವರು ಆ ನಳಿಗೆಯ ತೂತನ್ನು ಸರಿಯಾಗಿ ಮುಚ್ಚಿರಬೇಕು. ಎಂ-ಸೀಲ್ ಮೆತ್ತಿ ಬಿಟ್ಟದ್ದನ್ನೂ, ಸೈಕಲ್ ವಾಲ್ ಟ್ಯೂಬಿನ ತುಂಡು ಸಿಕ್ಕಿಸಿ ಗಂಟು ಹಾಕಿದ್ದನ್ನೂ ನಾನು ಕಂಡಿದ್ದೇನೆ. ಅಲ್ಲಿಂದಲೂ ಗಾಳಿ ಬರುತ್ತದೆ. ಮೂಲ ಪಂಪು ಅವರಲ್ಲಿದ್ದರೆ ಮತ್ತೆ ಹಾಕಿಸಿ ಎಂಬುದೇ ನನ್ನ ಸಲಹೆ. ಪಂಪು ಎಕ್ಸಿಲರೇಟರಿಗೂ ಎಂಜಿನ್ನಿನ ವೇಗಕ್ಕೂ ತಕ್ಕಂತೆ ಆಯಿಲ್ ಕೊಡುತ್ತದೆ, ಘಟ್ಟ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ.

ಆ ಬೆಲೆ ನನಗೆ ತಿಳಿದದ್ದು ದೇವಿಮನೆ ಘಟ್ಟದಲ್ಲಿ. ಗ್ಯಾರೇಜು ತೆರೆದ ಹೊಸತರಲ್ಲಿ ಪಂಪು ಕಿತ್ತ, ಪೆಟ್ರೋಲಿಗೇ ಆಯಿಲ್ ಕಲಸಿ ಓಡಿಸುವ ನನ್ನ ಸ್ವಂತ ಆರ್‌ಎಕ್ಸಿನಲ್ಲಿ ಶಿರಸಿಯಿಂದ ಕುಮಟೆಗೆ ಇಳಿಯುತ್ತಿದ್ದೆ. ಕಾರ್ಬೊರೇಟರಿನ ರಬ್ಬರು ಬಿರುಕು ಬಿಟ್ಟಿತ್ತು, ಇನ್ಸುಲೇಷನ್ ಟೇಪು ಸುತ್ತಿದ್ದೆ. ಬ್ರೇಕಿಗೆ ಭಾರ ಬೇಡವೆಂದು ಎಕ್ಸಿಲರೇಟರ್ ಪೂರ್ತಿ ಬಿಟ್ಟು ಎರಡನೇ ಗೇರಿನಲ್ಲಿ ಇಳಿದೆ. ಎಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲು ಬರುವುದಿಲ್ಲ, ಪೆಟ್ರೋಲಿನೊಡನೆ ಬರಬೇಕಾದ ಆಯಿಲೂ ಬರುವುದಿಲ್ಲ, ಆದರೆ ಇಳಿಜಾರಿನ ಓಟಕ್ಕೆ ಎಂಜಿನ್ನು ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಕೀರೆಂದು ನಿಂತೇಬಿಟ್ಟಿತು. ಕ್ಲಚ್ ಹಿಡಿಯುವ ಬುದ್ಧಿ ಬಂದದ್ದರಿಂದ ಧರೆಗೆ ಗುದ್ದುವುದು ತಪ್ಪಿತು. ಬ್ಲಾಕು ಬಿಚ್ಚಿದಾಗ ಪಿಸ್ಟನ್ನಿನ ನಾಲ್ಕು ಕಡೆಗಳಲ್ಲಿ ಗೀರು ಎದ್ದಿತ್ತು. ತಪ್ಪು ಪೂರ್ತಿ ನನ್ನದೇ. ಕಲಸಿದ ಪೆಟ್ರೋಲಿನ ಗಾಡಿಯಲ್ಲಿ ಘಟ್ಟ ಇಳಿಯುವವರು ಆಗಾಗ ಕ್ಲಚ್ ಹಿಡಿದು ಎಕ್ಸಿಲರೇಟರನ್ನು ಒಮ್ಮೆ ಏರಿಸಿ ಬಿಡಬೇಕು, ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಬೇಕು.

ಕಲಸುವ ಪ್ರಮಾಣಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಕಳೆ ಕೊಚ್ಚುವ ಯಂತ್ರ ಇರಬಹುದು, ಅದಕ್ಕೆ ಕಲಸಿಟ್ಟ ಪೆಟ್ರೋಲನ್ನೇ ಬೈಕಿಗೂ ಸುರಿಯುವ ಅಭ್ಯಾಸ ನಮ್ಮ ತೋಟಿಗರಲ್ಲಿದೆ. ಬೇಡ. ಆರ್‌ಎಕ್ಸಿಗೆ ನಾನು ಹೇಳುವುದು 40ಕ್ಕೆ 1, ಅಂದರೆ ಐದು ಲೀಟರ್ ಪೆಟ್ರೋಲಿಗೆ 125 ಮಿ.ಲೀ.; ರೇಸಿನ ದಿನ 30ಕ್ಕೆ 1, ಐದು ಲೀಟರಿಗೆ ಸುಮಾರು 165 ಮಿ.ಲೀ. ಆಯಿಲಿನ ಡಬ್ಬಿಯ ಮೇಲೆ ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದಿರಲಿ. ಅಳತೆಗೆ ಮಕ್ಕಳ ಔಷಧಿಯ ಮುಚ್ಚಳವಾದರೂ ಸರಿ, ಆದರೆ ಅಂದಾಜು ಬೇಡ. ‘ಇರಲಿ, ಸ್ವಲ್ಪ ಹೆಚ್ಚೇ ಹಾಕೋಣ’ ಎನ್ನುವವರಿಗೆ ಒಂದು ಮಾತು: ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ಟಿನ ಸಣ್ಣ ತೂತಿನಲ್ಲಿ ಆಯಿಲ್ ಹೆಚ್ಚು ಹೋದಷ್ಟೂ ಪೆಟ್ರೋಲು ಕಡಿಮೆ ಹೋಗುತ್ತದೆ, ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚುತ್ತದೆ. ಕಲಸಿದ್ದನ್ನು ಎರಡು ಮೂರು ವಾರದೊಳಗೆ ಮುಗಿಸಿ.

ಪೆಟ್ರೋಲೇ ಈಗ ಬೇರೆಯಾಗಿದೆ. ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತದ್ದು. ಆರ್‌ಎಕ್ಸಿನ ಜೆಟ್ಟು ಎಥನಾಲ್ ಇಲ್ಲದ ಕಾಲದ್ದು. ಪೂರ್ತಿ ಉರಿಯಲು ಶುದ್ಧ ಪೆಟ್ರೋಲಿಗೆ ತನ್ನ ತೂಕದ 14.7 ಪಟ್ಟು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಟ್ಟು ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಗಾಳಿಯ ಪಾಲು ತಾನಾಗಿಯೇ ಹೆಚ್ಚಾಯಿತು. ಸೀಲು, ರಬ್ಬರು ಎಲ್ಲ ಸರಿಯಿದ್ದೂ ಈಚೆಗೆ ಹಳೆಯ ಟೂ ಸ್ಟ್ರೋಕುಗಳು ಕಾಯುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಮೇನ್ ಜೆಟ್ಟನ್ನು ಒಂದೆರಡು ನಂಬರ್ ದೊಡ್ಡದು ಹಾಕಿ, ಏರಿನಲ್ಲಿ ಪೂರ್ತಿ ಎಕ್ಸಿಲರೇಟರಿನಲ್ಲಿ ಎಳೆದು, ಅಲ್ಲೇ ಎಂಜಿನ್ ಆರಿಸಿ ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಬೆಲ್ಲದ ಬಣ್ಣಕ್ಕಿದ್ದರೆ ಸರಿ, ಸುಣ್ಣದಂತಿದ್ದರೆ ಇನ್ನೂ ದೊಡ್ಡ ಜೆಟ್ಟು ಬೇಕು. ಶಿರಸಿ ಕರಾವಳಿಗಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇಲೆ ಹೊಂದಿಸಿದ ಜೆಟ್ಟು ಕೆಳಗೆ ಕೊಂಚ ಬಡವಾಗುತ್ತದೆ, ಡಿಸೆಂಬರಿನ ಮುಂಜಾವಿನ ತಣ್ಣನೆಯ ದಟ್ಟ ಗಾಳಿಯಲ್ಲಿಯೂ ಹಾಗೆಯೇ. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಅಂಚಿನಲ್ಲಿ ಹೊಂದಿಸಿದ ಎಂಜಿನ್ನಿಗೆ ಅಷ್ಟೇ ಸಾಕು.

ಏರ್ ಫಿಲ್ಟರಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಫೆಬ್ರುವರಿಯಿಂದ ಮೇವರೆಗೆ ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ದೂಳು ಅರಿಸಿನ ಪುಡಿಯಷ್ಟು ನುಣ್ಣಗಿರುತ್ತದೆ. ಫೋಮಿನ ಫಿಲ್ಟರನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಹಿಚುಕಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ ಹಿಂಡಬೇಕು. ಹಿಂಡಬೇಕೇ ಹೊರತು ಬಟ್ಟೆಯಂತೆ ತಿರುಚಬಾರದು, ಹರಿಯುತ್ತದೆ. ಅಂಚಿಗೆ ಗ್ರೀಸು ಹಚ್ಚಿ ಕೂರಿಸಿ. ದಿನನಿತ್ಯದ ಓಡಾಟಕ್ಕೆ ವಾರಕ್ಕೊಮ್ಮೆ, ರೇಸಿನಲ್ಲಾದರೆ ಪ್ರತಿ ಓಟಕ್ಕೊಮ್ಮೆ. ಎರಡು ಫಿಲ್ಟರ್ ಇಟ್ಟುಕೊಂಡರೆ ಒದ್ದೆಯದನ್ನೇ ಹಾಕುವ ಆತುರ ಬರುವುದಿಲ್ಲ. ಚೆಂದಕ್ಕೆ ಹಾಕುವ ಬಲೆಯ ಕೋನಾಕಾರದ ಫಿಲ್ಟರ್ ಆ ಗಾಡಿಯಲ್ಲಿದ್ದರೆ ಬಿಸಾಡಿ, ಮೂಲದ ಡಬ್ಬಿ ಹಾಕಿಸಿ.

ಮಳೆಗಾಲದ ಪ್ರಶ್ನೆಗೆ ಉತ್ತರ ಎಂಜಿನ್ನಿನ ರಚನೆಯಲ್ಲೇ ಇದೆ. ಕ್ರ್ಯಾಂಕಿಗೆ ಆಯಿಲಿನ ಹೊಂಡವಿಲ್ಲದ್ದರಿಂದ, ಓಡಿಸದೆ ಮೂರು ತಿಂಗಳು ನಿಂತ ಟೂ ಸ್ಟ್ರೋಕಿನ ಒಳಗೆ ನಮ್ಮ ಆಷಾಢದ ತೇವ ಸೇರಿ ರಾಡಿನ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಅಕ್ಟೋಬರಿನಲ್ಲಿ ಒದ್ದು ಸ್ಟಾರ್ಟ್ ಮಾಡಿದಾಗ ಸದ್ದಿಲ್ಲದ ಗಾಡಿ, ನವೆಂಬರಿನಲ್ಲಿ ರಾಡು ಮುರಿಯುತ್ತದೆ. ಓಡಿಸುವುದಾದರೆ ವಾರಕ್ಕೆರಡು ಬಾರಿಯಾದರೂ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ಇಲ್ಲದಿದ್ದರೆ ಜೂನಿಗೆ ಮೊದಲು ಟ್ಯಾಂಕು, ಕಾರ್ಬೊರೇಟರ್ ಬರಿದು ಮಾಡಿ, ಪ್ಲಗ್ಗಿನ ತೂತಿನಿಂದಲೂ ಕಾರ್ಬೊರೇಟರಿನ ಬಾಯಿಂದಲೂ ಎರಡೆರಡು ಚಮಚ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬಿಟ್ಟು, ಮೆಲ್ಲಗೆ ನಾಲ್ಕಾರು ಬಾರಿ ಕಿಕ್ ಒತ್ತಿ, ಪ್ಲಗ್ ಹಾಕಿ. ಸೈಲೆನ್ಸರಿನ ಬಾಲಕ್ಕೆ ಬಟ್ಟೆ ತುರುಕಿ. ತೇವಕ್ಕಿಂತ ಅದು ಕುಂಬಾರ ಹುಳಕ್ಕೆ. ಒಂದು ಮಳೆಗಾಲದಲ್ಲಿ ಅದು ಒಳಗೆ ಮಣ್ಣಿನ ಮನೆ ಕಟ್ಟಿಬಿಡುತ್ತದೆ. ನಿಲ್ಲಿಸುವ ಜಾಗದ ಬಗ್ಗೆ ನಮ್ಮ ಕಡೆಯವರು ಗಮನಿಸದ ಸಂಗತಿಯೊಂದಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ದ್ರಾವಣ ಕಲಸುವ ಕೊಟ್ಟಿಗೆಯಲ್ಲೇ ಗಾಡಿ ನಿಲ್ಲಿಸಿದವರೊಬ್ಬರ ಎಂಜಿನ್ ಕವರಿನ ಮೇಲೆ ಸಿಡಿದ ಹನಿಗಳೆಲ್ಲ ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದವು. ಬೇರೆ ಕಡೆ ನಿಲ್ಲಿಸಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಗೇರ್ ಆಯಿಲಿಗೆ ಜಾಸೊ ಎಂಎ ಗುರುತಿನ ಬೈಕಿನ ಆಯಿಲ್ ಸಾಕು. ಕಾರಿನದ್ದು ಹಾಕಿದರೆ ಕ್ಲಚ್ ಜಾರುತ್ತದೆ. ಪ್ಲಗ್ ಕಂಪನಿ ಹೇಳಿದ ನಂಬರಿನದೇ ಇರಲಿ. ಎನ್‌ಜಿಕೆ ಕಂಪನಿಯದರಲ್ಲಿ ನಂಬರು ಹೆಚ್ಚಿದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಕಾವನ್ನು ಬೇಗ ಬಿಟ್ಟುಕೊಡುವಂಥದ್ದು ಎಂಬುದನ್ನು ಮರೆತು ತಿರುವುಮುರುವು ಹಾಕುವವರಿದ್ದಾರೆ. ಫ್ರೇಮಿನಲ್ಲಿ ಹ್ಯಾಂಡಲಿನ ಕತ್ತಿನ ಕೆಳಗೆ ಮತ್ತು ಹಿಂದಿನ ಶಾಕ್ ಎತ್ತರಿಸಲು ಬೆಸುಗೆ ಹಾಕಿದ ಜಾಗದಲ್ಲಿ ಬಣ್ಣದಡಿಯ ಬಿರುಕು ಹುಡುಕಿ. ಅಲ್ಲಿ ಬಿರುಕಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಕಾಡಿನೊಳಗಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಡಿ ನುಗ್ಗಿಸಬೇಡಿ, ಮರಳದಂಡೆಗಂತೂ ಇಳಿಸಲೇಬೇಡಿ. ಚಳಿಗಾಲದಲ್ಲಿ ನಮ್ಮ ದಂಡೆಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರೇಸಿಗೆ ಹೋಗುವುದಾದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ, ಅಂದರೆ ಎಫ್‌ಎಂಎಸ್‌ಸಿಐನ, ಮನ್ನಣೆಯಿರುವ ಸ್ಪರ್ಧೆಯನ್ನೇ ಆರಿಸಿ. ಅಲ್ಲಿ ಗಾಡಿಯನ್ನೂ ಹೆಲ್ಮೆಟ್ಟನ್ನೂ ಮೊದಲು ಪರೀಕ್ಷಿಸುತ್ತಾರೆ.

ಕೊನೆಯ ಪ್ರಶ್ನೆ, ಓಡಿಸಿಕೊಂಡು ತರಬಹುದೇ ಎಂಬುದು. ಹೊನ್ನಾವರದಿಂದ ಕುಮಟೆಯ ಮೂಲಕ ದೇವಿಮನೆ ಹತ್ತಿ ಶಿರಸಿಗೆ ಬರುವ ದಾರಿ, ಯಾರೋ ಕಲಸಿದ ಪೆಟ್ರೋಲು ಮತ್ತು ಯಾರೋ ಹಾಕಿದ ಜೆಟ್ಟಿನ ಮೇಲೆ ಮೊದಲ ದಿನವೇ ಎಳೆಸುವ ದಾರಿಯಲ್ಲ. ಹೆಸರು ಬದಲಾಗದ ಗಾಡಿಗೆ ವಿಮೆಯ ತೊಡಕೂ ಇದೆ. ಪಿಕಪ್‌ನಲ್ಲಿ ಹಾಕಿಸಿ ಮನೆಗೆ ತನ್ನಿ. ಮರುದಿನ ಟ್ಯಾಂಕಿನಲ್ಲಿರುವುದನ್ನೆಲ್ಲ ಹೊರಗೆ ತೆಗೆದು, ಕಾರ್ಬೊರೇಟರ್ ತೊಳೆದು, ಅದರ ರಬ್ಬರನ್ನು ಬಿರುಕಿರಲಿ ಬಿಡಲಿ ಹೊಸದಾಗಿಸಿ, ನೀವೇ ಅಳೆದು ಕಲಸಿದ ಪೆಟ್ರೋಲನ್ನು ಹಾಕಿದ ಮೇಲೆ ಕಿಕ್ ಒದೆಯಿರಿ.